‘ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿ’ ಎನ್ನುವ ಹೆತ್ತವರಿಗೆ

ಮಗ ಸಣ್ಣದೊಂದು ಕಳ್ಳತನದಲ್ಲಿ ಸಿಕ್ಕಿಬಿದ್ದು, ಪೊಲೀಸರು ಎಚ್ಚರಿಕೆ ಹೇಳಿ ಮನೆಗೆ ಕಳುಹಿಸಿದ ಮೇಲೆ ಹೆತ್ತವರು ಆಪ್ತಸಲಹೆಗಾರ್ತಿಯಾದ ನನ್ನ ಮುಂದಿಡುವ ಬೇಡಿಕೆ ಹೆಚ್ಚುಕಡಿಮೆ ಒಂದೇ: ಇಷ್ಟಕ್ಕೇ ಬಿಡಬೇಡಿ, ಚೆನ್ನಾಗಿ ಹೆದರಿಸಿ. ಅದು ಮತ್ತೆ ಮತ್ತೆ ಬರುತ್ತಿರುವುದರಿಂದಲೇ ಈ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ 16 ವರ್ಷ. ಐಟಿಐ ಮೊದಲ ವರ್ಷ. ತಂದೆ ಗಾರೆ ಕೆಲಸದವರು. ತನ್ನದೇ ವಯಸ್ಸಿನ ಇಬ್ಬರು ಗೆಳೆಯರೊಂದಿಗೆ ಸೇರಿ, ರಾತ್ರಿ ಬೀದಿಯಲ್ಲಿ ನಿಂತಿದ್ದ ಆಟೋವೊಂದರ ಬ್ಯಾಟರಿ ಬಿಚ್ಚಿ ಗುಜರಿ ಅಂಗಡಿಗೆ ಮಾರಿದ್ದ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಮಕ್ಕಳನ್ನು ಲಾಕಪ್ಪಿಗೆ ಹಾಕಲಿಲ್ಲ, ಎಫ್‌ಐಆರ್ ಕೂಡ ಮಾಡಲಿಲ್ಲ. ಠಾಣಾ ದಿನಚರಿಯಲ್ಲಿ ದಾಖಲಿಸಿ, ಮನೆ, ಓದು, ಸಹವಾಸಗಳ ವಿವರವಿರುವ ಸಾಮಾಜಿಕ ಹಿನ್ನೆಲೆ ವರದಿಯನ್ನು, ಮಕ್ಕಳ ಮೇಲಿನ ಅಪರಾಧದ ಆರೋಪಗಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿಗೆ ಕಳುಹಿಸಿ, ಹಾಜರಾಗಬೇಕಾದ ದಿನವನ್ನು ಹೆತ್ತವರಿಗೆ ತಿಳಿಸಿ, ಆಪ್ತಸಲಹೆಗೂ ಕರೆದೊಯ್ಯುವಂತೆ ಹೇಳಿದರು.

ತಂದೆಗೆ ಇದು ಅಧಿಕಾರಿಯ ಮೆದು ಸ್ವಭಾವವಾಗಿ ಕಂಡಿತು. ಆದರೆ ಅಧಿಕಾರಿ ನಡೆದದ್ದು ಕಾನೂನಿನ ದಾರಿಯಲ್ಲಿಯೇ. ಗರಿಷ್ಠ ಮೂರು ವರ್ಷದವರೆಗೆ ಶಿಕ್ಷೆಯಿರುವ ಲಘು ಅಪರಾಧವನ್ನು ಮಗುವೊಂದು ವಯಸ್ಕರ ಜೊತೆಗೂಡದೆ ಮಾಡಿದ್ದರೆ ಎಫ್‌ಐಆರ್ ಬೇಡವೆಂದು ಬಾಲನ್ಯಾಯ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಹೇಳುತ್ತವೆ. ಸಾಧ್ಯವಾದಲ್ಲೆಲ್ಲ ಮಕ್ಕಳನ್ನು ನ್ಯಾಯಾಲಯದ ಕ್ರಮಗಳಿಂದ ಬೇರೆ ದಾರಿಗೆ ತಿರುಗಿಸಬೇಕೆಂಬುದು 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೇ ಸೇರಿದೆ.

ತಂದೆ ಮೊದಲ ಭೇಟಿಯಲ್ಲೇ ಕೇಳಿದರು: “ಮೇಡಂ, ನೀವಾದ್ರೂ ಸಾಹೇಬ್ರಿಗೆ ಒಂದು ಮಾತು ಹೇಳಿ. ಒಂದು ರಾತ್ರಿ ಸ್ಟೇಷನ್ನಲ್ಲಿ ಕೂರಿಸ್ಲಿ, ನಾಲ್ಕು ಬಿಡ್ಲಿ. ತಾನಾಗೇ ದಾರಿಗೆ ಬರ್ತಾನೆ.” ಮನೆಯಲ್ಲಿ ತಾವು ಬೆಲ್ಟಿನಿಂದ ಹೊಡೆದದ್ದನ್ನೂ ಅವರು ಮುಚ್ಚಿಡಲಿಲ್ಲ.

ಮುಂದಿನ ಭೇಟಿಯಲ್ಲಿ ಹುಡುಗನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದೆ. ಬಹಳ ಹೊತ್ತು ಹೂಂ, ಉಹೂಂ ಬಿಟ್ಟು ಬೇರೆ ಉತ್ತರವಿರಲಿಲ್ಲ. ಮಂಡಳಿಯ ಮುಂದೆ ಏನು ಹೇಳಬೇಕೆಂದುಕೊಂಡಿದ್ದೀಯ ಎಂದು ಕೇಳಿದಾಗ ಅವನು ಬೇಸರದಿಂದ ಹೇಳಿದ: “ಅಪ್ಪ ಹೊಡೆದ್ರಲ್ಲ ಮೇಡಂ, ಅಲ್ಲಿಗೆ ಮುಗೀತು.”

“ಏನು ಮುಗೀತು?”

“ಆ ಬ್ಯಾಟರಿ ವಿಷ್ಯ.”

“ಆಟೋದವರಿಗೂ ಮುಗೀತಾ?”

ಅವನು ನನ್ನನ್ನು ನೋಡಿದ. “ಅವ್ರು ಯಾರು ಅಂತಾನೇ ನಂಗೆ ಗೊತ್ತಿಲ್ಲ,” ಎಂದ. ಆ ಮಾತಿನಲ್ಲಿ ಸೊಕ್ಕಿರಲಿಲ್ಲ. ಆಟೋಗೆ ಒಬ್ಬ ಮಾಲೀಕನಿದ್ದಾನೆ, ಬೆಳಿಗ್ಗೆ ಅದು ಸ್ಟಾರ್ಟ್ ಆಗದೆ ಆತನ ಅಂದಿನ ದುಡಿಮೆ ಹೋಗಿದೆ, ಹೊಸ ಬ್ಯಾಟರಿಗೆ ಆತ ಸಾಲ ಮಾಡಿರಬಹುದು ಎಂಬ ಯಾವ ಯೋಚನೆಯೂ ಅಲ್ಲಿಯವರೆಗೆ ಅವನಿಗೆ ಬಂದಿರಲಿಲ್ಲ. ಬರುವುದಕ್ಕೆ ಯಾರೂ ಅವಕಾಶ ಕೊಟ್ಟಿರಲಿಲ್ಲ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಎಲ್ಲರೂ ಕೇಳಿದ್ದು ಅವನಿಗೆ ಎಷ್ಟು ನೋವಾಗಬೇಕು ಎಂಬುದನ್ನು ಮಾತ್ರ. ಹೊಡೆತ ಅವನ ಪಾಲಿಗೆ ಸಾಲ ತೀರಿದ ರಸೀದಿಯಾಗಿತ್ತು.

ಭಯದಿಂದ ಬುದ್ಧಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ನ್ಯೂಜೆರ್ಸಿಯ ರಾಹ್ವೆ ಸೆರೆಮನೆಯಲ್ಲಿ 1970ರ ದಶಕದಲ್ಲಿ ಹದಿಹರೆಯದವರನ್ನು ಒಳಗೆ ಕರೆದೊಯ್ದು ದೀರ್ಘಾವಧಿ ಕೈದಿಗಳಿಂದ ಹೆದರಿಸುವ ಕಾರ್ಯಕ್ರಮ ಆರಂಭವಾಗಿ ಬಹಳ ಜನಪ್ರಿಯವಾಯಿತು. ಅಂಥ ಕಾರ್ಯಕ್ರಮಗಳ ಕುರಿತ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧಕರಿಗೆ ಕಂಡದ್ದು, ಅವುಗಳಿಗೆ ಹೋಗಿಬಂದ ಮಕ್ಕಳು ಹೋಗದವರಿಗಿಂತ ಹೆಚ್ಚಾಗಿ ಮತ್ತೆ ಅಪರಾಧಕ್ಕೆ ಬಿದ್ದಿದ್ದರು ಎಂಬುದು. ಅದಕ್ಕಾಗಿಯೇ ಠಾಣೆಗೆ ಆ ಮಾತು ಹೇಳಲು ನಾನು ಒಪ್ಪಲಿಲ್ಲ.

ತಂದೆಗೆ ಕೊಟ್ಟ ಸಲಹೆ ಹೀಗಿತ್ತು: ಕೈ ಎತ್ತಬೇಡಿ, ಐಟಿಐ ಬಿಡಿಸಬೇಡಿ, ಮಾನ ಹೋಯಿತೆಂದು ಬೇರೆ ಊರಿನ ನೆಂಟರ ಮನೆಗೂ ಸಾಗಿಸಬೇಡಿ, ಏಕೆಂದರೆ ಓದು ತಪ್ಪಿದ ಹುಡುಗನಿಗೆ ಉಳಿಯುವುದು ಬಿಡುವು ಮತ್ತು ಅದೇ ಬಗೆಯ ಗೆಳೆಯರು. ಹುಡುಗನಿಗೆ ಹೇಳಿದ್ದು, ಆಟೋ ಮಾಲೀಕರು ಒಪ್ಪಿದರೆ ಅವರನ್ನು ಎದುರಿಗೆ ಕಂಡು ಮಾತಾಡಬೇಕು, ನಷ್ಟದಲ್ಲಿ ತನ್ನ ಪಾಲನ್ನು ತುಂಬಿಕೊಡುವ ದಾರಿ ಕಂಡುಕೊಳ್ಳಬೇಕು ಎಂದು.

ಇದು ಮಗುವಿಗೆ ಅವಮಾನ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಆಟೋ ನಿಲ್ದಾಣದಲ್ಲಿ ಹತ್ತು ಜನರ ನಡುವೆ ನಿಲ್ಲಿಸಿದ್ದರೆ ನಿಜಕ್ಕೂ ಅವಮಾನವೇ ಆಗುತ್ತಿತ್ತು, ಹೊಡೆತವೂ ಬೀಳುತ್ತಿತ್ತು. ಅದಕ್ಕೆಂದೇ ಮಂಡಳಿಯ ಗಮನಕ್ಕೆ ತಂದು, ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮತ್ತು ಮಫ್ತಿಯಲ್ಲಿದ್ದ ಪೊಲೀಸ್ ಅಧಿಕಾರಿಯ ಸಮ್ಮುಖದಲ್ಲಿ, ಮುಚ್ಚಿದ ಕೋಣೆಯಲ್ಲಿ ಭೇಟಿ ಏರ್ಪಟ್ಟಿತು. ತಪ್ಪೊಪ್ಪಿಗೆಯ ಯಾವ ಕಾಗದಕ್ಕೂ ಸಹಿ ಹಾಕಿಸಿಕೊಳ್ಳಲಿಲ್ಲ. ತಾನು ಮಾಡಿಲ್ಲ ಎನ್ನುವ ಮಗುವಿಗೆ ಇಂಥ ಸಲಹೆಯನ್ನು ಎಂದಿಗೂ ಕೊಡಬಾರದು. ಇವನು ಮೊದಲಿನಿಂದಲೂ ಒಪ್ಪಿಕೊಂಡಿದ್ದ.

ಮಾಲೀಕರು ಕ್ಷಮಿಸಿದೆ ಎನ್ನಲಿಲ್ಲ. ಆ ದಿನ ತಮಗೆ ಏನೇನು ತಪ್ಪಿಹೋಯಿತೆಂದು ಒಂದೊಂದಾಗಿ ಹೇಳಿದರು. ಹುಡುಗ ತಲೆ ತಗ್ಗಿಸಿಕೊಂಡೇ ಕೇಳಿ, ಕೊನೆಗೆ “ಎಷ್ಟಾಯ್ತು ಅಣ್ಣಾ?” ಎಂದು ತಾನೇ ಕೇಳಿದ. ತಂದೆ ಕೊಟ್ಟ ಹಣವನ್ನು ಅವನು ಭಾನುವಾರಗಳಂದು ತಂದೆಗೇ ನೆರವಾಗಿ ತೀರಿಸುವುದೆಂದು ಮಾತಾಯಿತು. ಮಂಡಳಿ ಬುದ್ಧಿವಾದ ಹೇಳಿ ಅವನನ್ನು ಮನೆಗೆ ಕಳುಹಿಸಿತು.

ಮುಂದೆ ಇವನಿಗೆ ಕೆಲಸ ಸಿಗಲು ಇದು ಅಡ್ಡಿಯಾಗುತ್ತದೆಯೇ ಎಂದು ತಂದೆ ಕೊನೆಯ ಭೇಟಿಯಲ್ಲಿ ಕೇಳಿದರು. ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಇಂಥ ಪ್ರಕರಣದಿಂದ ಮಗುವಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲವೆಂದು ವಿವರಿಸಿದೆ. ನಾಲ್ಕು ಹೊಡೆತದಿಂದಲೇ ಮಗ ಸರಿಹೋದ ಎಂಬುದು ಅವರ ಈಗಿನ ನಂಬಿಕೆಯೂ ಹೌದು. ಆ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಆದರೆ ಬೆಲ್ಟು ಮತ್ತೆ ಕೈಗೆ ಬಂದಿಲ್ಲವೆಂದು ಹುಡುಗ ಹೇಳುತ್ತಾನೆ, ಐಟಿಐಗೂ ತಪ್ಪದೆ ಹೋಗುತ್ತಿದ್ದಾನೆ.