ಅಂಜೂರದ ಕಡ್ಡಿ ಚಿಗುರಿಯೂ ಒಣಗುವುದೇಕೆ?

ಪ್ರಶ್ನೆ: ಕುಂಡದಲ್ಲಿ ನೆಟ್ಟ ಪೂನಾ ಅಂಜೂರದ ಕಡ್ಡಿ ಹದಿನೈದು ದಿನಕ್ಕೆ ಚಿಗುರಿತು, ಆಮೇಲೆ ಬುಡ ಕಪ್ಪಾಗಿ ಬಾಡಿತು. ತಪ್ಪೆಲ್ಲಿ?

ಉತ್ತರ: ಎಲೆ ಬಂದ ಮಾತ್ರಕ್ಕೆ ಬೇರು ಬಿಟ್ಟಿದೆ ಎಂದಲ್ಲ, ಕಡ್ಡಿಯೊಳಗಿನ ಆಹಾರವೇ ಆ ಚಿಗುರಿಗೆ ಸಾಕು. ಅದನ್ನು ನಂಬಿ ನೀರು ಹೆಚ್ಚಿಸಿದರೆ ಬುಡ ಕೊಳೆಯುತ್ತದೆ. ಪೆನ್ಸಿಲ್ ದಪ್ಪದ, ಬಲಿತ, 20–25 ಸೆಂ.ಮೀ. ಉದ್ದದ ಕಡ್ಡಿ ಆರಿಸಿ. ಗಿಣ್ಣಿನ (ಎಲೆ ಹುಟ್ಟುವ ಗಂಟಿನ) ಕೆಳಗೇ ಕತ್ತರಿಸಿ, ಒಸರುವ ಹಾಲು ತೊಳೆಯಿರಿ (ಕೈಗೆ ತಾಗಿದರೆ ತುರಿಕೆ, ಜೋಕೆ). ನೆಡುವ ಮಿಶ್ರಣಕ್ಕೆ ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು. ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಎರಡು ಗಿಣ್ಣು ಒಳಗಿರಲಿ, ಜಾಗ ನೆರಳಿನದಾಗಿರಲಿ. ತಳಕ್ಕೆ ತೂತು ಕೊರೆದ ಪಾರದರ್ಶಕ ಲೋಟವೇ ಒಳ್ಳೆಯದು, ಬೇರು ಕಣ್ಣಿಗೇ ಕಾಣುತ್ತದೆ. ಬಿಳಿ ಬೇರು ಕಂದು ಬಣ್ಣಕ್ಕೆ ತಿರುಗುವವರೆಗೆ ಕುಂಡಕ್ಕೆ ವರ್ಗಾಯಿಸಲೇಬೇಡಿ. ಎಳೆಬೇರು ಮುಟ್ಟಿದರೆ ಮುರಿಯುತ್ತದೆ.