ಪಾರ್ಕಿಗೆ ಟಿಕೆಟ್ ಇಲ್ಲ, ದುಡ್ಡು ಹೋಗಿದ್ದೆಲ್ಲಿ?

ಪ್ರಶ್ನೆ: ಕಳೆದ ಭಾನುವಾರ ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಮಗಳಿಗೆ ಆರು, ಮಗನಿಗೆ ನಾಲ್ಕು. ಮಾಲ್‌ಗೆ ಹೋದರೆ ಖರ್ಚು, ಇದು ಬಿಟ್ಟಿ ಅಂತಲೇ ಹೊರಟಿದ್ದು. ರಾತ್ರಿ ಫೋನ್ ತೆಗೆದು ನೋಡಿದರೆ ಹೋಗುವಾಗ ಆಟೊ 180, ಬಲೂನು 50, ಗುಳ್ಳೆ ಬಿಡುವ ಪಿಸ್ತೂಲು 100, ಮಾವಿನಕಾಯಿ 80, ನೀರಿನ ಬಾಟಲಿ 40, ಐಸ್‌ಕ್ರೀಮ್ 150, ಹೋಟೆಲ್ ಊಟ 620, ವಾಪಸ್ ಆಟೊ 260. ಒಟ್ಟು 1,480 ರೂಪಾಯಿ! ನಾವೇನು ದುಂದುಗಾರರಾ?
— ಒಬ್ಬ ಅಪ್ಪ, ಬೆಂಗಳೂರು

ಉತ್ತರ: ಅಲ್ಲ ಬಿಡಿ, ದುಂದುಗಾರರು ಇಷ್ಟು ಚೆನ್ನಾಗಿ ಲೆಕ್ಕ ಇಡುವುದಿಲ್ಲ. ನಿಮ್ಮ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ನಾವೆಲ್ಲ ಬೈಯುವುದು ಬಲೂನಿನವನನ್ನು, ಅಲ್ವಾ? ಬಲೂನು, ಪಿಸ್ತೂಲು ಎರಡೂ ಸೇರಿ 150. ಊಟ ಮತ್ತು ವಾಪಸ್ ಆಟೊ ಸೇರಿ 880. ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಗಿದ್ದು ಪಾರ್ಕಿನಿಂದ ಹೊರಗೆ ಬಂದ ಮೇಲೆ. ಒಬ್ಬಳು ಹಸಿವು ಅಂತ ರಚ್ಚೆ ಹಿಡಿದು, ಇನ್ನೊಬ್ಬ ಹೆಗಲ ಮೇಲೆ ನಿದ್ದೆ ಹೋಗಿ, ನೀವಿಬ್ಬರೂ ಬಿಸಿಲಲ್ಲಿ ಮುಖ ಮುಖ ನೋಡಿಕೊಂಡು ನಿಂತಾಗ ಯಾವ ಆಟೊದವರು ಎಷ್ಟು ಕೇಳಿದರೂ ಹತ್ತುತ್ತೀರಿ.

ಟಿಕೆಟ್ ಇರುವ ಜಾಗಕ್ಕೆ ನಾವು ತಯಾರಾಗಿ ಹೋಗುತ್ತೇವೆ. ಬಿಟ್ಟಿ ಜಾಗಕ್ಕೆ ಸುಮ್ನೆ ಹೊರಟುಬಿಡುತ್ತೇವೆ. ಹತ್ತೂವರೆಗೆ ಮನೆ ಬಿಡುವುದು, ಪುಕ್ಕಟೆ ಅಲ್ವಾ ಇನ್ನೊಂದು ಸುತ್ತು ಹಾಕೋಣ ಅನ್ನುವುದು. ಬಿಟ್ಟಿ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಗಾದೆ ಇದೆಯಲ್ಲ, ಹಾಗೆ. ನಾಲ್ಕು ವರ್ಷದ ಮಗುವಿಗೆ ಎರಡು ಗಂಟೆಯೇ ಹೆಚ್ಚು. ಆಮೇಲಿನ ಒಂದೊಂದು ಗಂಟೆಗೂ ದುಡ್ಡು ಕಟ್ಟಬೇಕು.

ಏಳೂವರೆಗೆ ಹೊರಡಿ, ಹತ್ತೂವರೆಗೆ ಮನೆಗೆ ಬನ್ನಿ. ಭಾನುವಾರ ಪಾರ್ಕಿನೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಮಕ್ಕಳಿಗೆ ಓಡಾಡಲು ಸ್ವರ್ಗ, ಆದರೆ ಗೇಟಿನ ತನಕ ನಡೆದೇ ಬರಬೇಕು. ಚಿಕ್ಕವನ ಕಾಲಲ್ಲಿ ಇನ್ನೂ ಶಕ್ತಿ ಇರುವಾಗಲೇ ಗೇಟಿನ ಕಡೆ ತಿರುಗಿ. ಮೆಟ್ರೊ ಪಾರ್ಕಿನ ಪಕ್ಕದಲ್ಲೇ ನಿಲ್ಲುತ್ತದೆ. ಆದರೆ ಅಲ್ಲೊಂದು ಮರ್ಮ ಇದೆ: ಮೂರು ಅಡಿ ಎತ್ತರದೊಳಗಿನ ಮಗುವಿಗೆ ಮಾತ್ರ ಬಿಟ್ಟಿ, ಅದನ್ನು ದಾಟಿದರೆ ಪೂರ್ತಿ ಟಿಕೆಟ್. ನಾಲ್ಕು ವರ್ಷದ ಮಕ್ಕಳು ಬಹುಪಾಲು ದಾಟಿರುತ್ತಾರೆ. ಅಂದರೆ ನಿಮಗೆ ನಾಲ್ಕು ಟಿಕೆಟ್. ಸಾಮಾನ್ಯ ಬಸ್ಸಾದರೆ 2023ರಿಂದ ಹೆಂಗಸರಿಗೆ ಬಿಟ್ಟಿ ಪ್ರಯಾಣದ ಶಕ್ತಿ ಯೋಜನೆ ಇದೆ, ಎಸಿ ಬಸ್ಸಿಗೆ ಅದು ಇಲ್ಲ. ಅಮ್ಮನ ಆಧಾರ್ ಮರೆಯಬೇಡಿ.

ಇನ್ನೊಂದು. ಪಾರ್ಕಿನೊಳಗಿನ ಬಾಲಭವನದ ಪುಟಾಣಿ ರೈಲಿಗೆ ಟಿಕೆಟ್ ಇದೆ. ಹತ್ತಿಸುವುದೋ ಇಲ್ಲವೋ ಮನೆಯಲ್ಲೇ ತೀರ್ಮಾನಿಸಿ. ಅದರ ಕೂಗು ಕಿವಿಗೆ ಬಿದ್ದ ಮೇಲೆ ಮಾಡುವ ತೀರ್ಮಾನ ನಿಮ್ಮದಾಗಿರುವುದಿಲ್ಲ.

ಪ್ರಶ್ನೆ: ‘ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ, ದುಡ್ಡು ಉಳಿಯುತ್ತದೆ’ ಅಂತ ಎಲ್ಲರೂ ಹೇಳುತ್ತಾರೆ. ಕಟ್ಟುವವರು ಯಾರು? ರಜೆಯ ದಿನವೂ ಐದಕ್ಕೆ ಎದ್ದು ಚಪಾತಿ ಲಟ್ಟಿಸಿ, ಬಂದ ಮೇಲೆ ಎಣ್ಣೆ ಜಿಡ್ಡಿನ ಡಬ್ಬಿ ತಿಕ್ಕುವುದು ನಾನೇ. ಇದು ಯಾರ ಲೆಕ್ಕದಲ್ಲಿದೆ?
— ಓದುಗಿ, ಮೈಸೂರು

ಉತ್ತರ: ಯಾರ ಲೆಕ್ಕದಲ್ಲೂ ಇಲ್ಲ, ಅದಕ್ಕೇ ಈ ಪ್ರಶ್ನೆಯನ್ನು ಮೇಲಿನ ಪತ್ರದ ಪಕ್ಕದಲ್ಲೇ ಹಾಕಿದ್ದೇನೆ. ಬುತ್ತಿ ಕಟ್ಟಬೇಡಿ. ಮಕ್ಕಳಿಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಹೊರಡಿ, ಊಟಕ್ಕೆ ಮನೆಗೇ ಬನ್ನಿ. ನಡುವೆ ಬಾಳೆಹಣ್ಣು, ಹುರಿಗಡಲೆ, ಎರಡು ಬಾಟಲಿ ನೀರು ಸಾಕು. ಎಷ್ಟೋ ಪಾರ್ಕುಗಳಲ್ಲಿ ಈಗ ಚಾಪೆ ಹಾಸಿ ಊಟಕ್ಕೆ ಕೂರಲು ಬಿಡುವುದೂ ಇಲ್ಲ. ಹೊರಗೆ ಇಡೀ ದಿನ ಇರಲೇಬೇಕು ಅಂತ ಮನೆಯವರು ಹಟ ಮಾಡಿದರೆ ಹಿಂದಿನ ರಾತ್ರಿಯೇ ಪುಳಿಯೋಗರೆ ಗೊಜ್ಜು ಮಾಡಿಡಿ, ಬೆಳಿಗ್ಗೆ ಅನ್ನ ಇಟ್ಟು ಕಲಸುವುದು, ಸಂಜೆ ಡಬ್ಬಿ ತಿಕ್ಕುವುದು ಹಟ ಮಾಡಿದವರ ಕೆಲಸ. ಇಲ್ಲವೇ ಹೋಟೆಲಿನ ಇಡ್ಲಿ ತಿನ್ನಿ. ಅದು ಖರ್ಚಲ್ಲ, ನಿಮ್ಮ ನಿದ್ದೆಯ ಬೆಲೆ.

ಪ್ರಶ್ನೆ: ಮೂರು ವರ್ಷದ ಮಗುವನ್ನು ಕಡಲೆಕಾಯಿ ಪರಿಷೆಗೆ ಕರೆದೊಯ್ಯಬಹುದಾ? ಜಾಸ್ತಿ ಖರ್ಚಾಗದಂತೆ?
— ಬಸವನಗುಡಿಯ ಹೊಸ ನಿವಾಸಿ

ಉತ್ತರ: ಖಂಡಿತ. ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರ. ಸಂಜೆ ಬೇಡ, ಬೆಳಿಗ್ಗೆ ಹೋಗಿ. ಸಂಜೆಯ ನೂಕುನುಗ್ಗಲಿನಲ್ಲಿ ಮಗುವಿಗೆ ಕಾಣುವುದು ಬರೀ ಮೊಣಕಾಲುಗಳು. ಮೊದಲು ಒಂದು ಸೇರು ಕಡಲೆಕಾಯಿ ಕೊಂಡು ಮಗುವಿನ ಕೈಗೇ ಒಂದು ಪೊಟ್ಟಣ ಕೊಡಿ. ಸುಲಿಯುವುದರಲ್ಲಿ ಮುಳುಗಿದ ಮಗು ಆಟಿಕೆ ಅಂಗಡಿಗಳನ್ನು ಅಷ್ಟಾಗಿ ನೋಡುವುದಿಲ್ಲ. ಆದರೆ ಕಣ್ಣು ಮಗುವಿನ ಮೇಲೇ ಇರಲಿ, ಕಾಳನ್ನು ಪುಡಿ ಮಾಡಿಯೇ ಬಾಯಿಗೆ ಹಾಕಿ, ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮತ್ತೆ ಚೀಲದಲ್ಲಿ ಒಂದು ಚಡ್ಡಿ ಜಾಸ್ತಿ ಇರಲಿ. ನಾನೊಮ್ಮೆ ಮರೆತು, ಫುಟ್‌ಪಾತಿನಲ್ಲಿ ಚೌಕಾಸಿ ಮಾಡಲೂ ಆಗದೆ, ಹುಡುಗನಿಗೆ ಎರಡು ಸೈಜು ದೊಡ್ಡದಾದ ಚಡ್ಡಿ ಕೊಂಡು ಬಂದಿದ್ದೆ. ಮುಂದಿನ ವರ್ಷ ಅದು ಸರಿಯಾಯಿತು ಅನ್ನಿ.