80,000 ಪಿಎಸ್‌ಐ ತೋಟಾಗೆ ಹಿತ್ತಾಳೆ ಯಾಕೆ ಸಾಕಾಗುವುದಿಲ್ಲ?

ನೀವು ಕೇಳಿದ್ದು ಇಷ್ಟು: ನೂರು ವರ್ಷಕ್ಕೂ ಮೇಲೆ ರೈಫಲ್‌ಗಳು ಹಿತ್ತಾಳೆ ಕೇಸಿನಲ್ಲೇ (ಮದ್ದು, ಗುಂಡು ಎರಡನ್ನೂ ಹಿಡಿದಿಡುವ ತೋಟಾದ ಹೊರಕವಚ) ನಡೆದುಕೊಂಡು ಬಂದಿವೆ, ಈಗ ನೋಡಿದರೆ ಉಕ್ಕು-ಹಿತ್ತಾಳೆ ಜೋಡಿಸಿದ ಕೇಸು, ಬರೀ ಉಕ್ಕಿನ ಕೇಸು, ಪ್ಲಾಸ್ಟಿಕ್ ಕೇಸು ಅಂತ ದಿನಕ್ಕೊಂದು ಬರುತ್ತಿದೆ, ಇದು ನಿಜವಾಗಿ ಬೇಕಿತ್ತಾ ಅಥವಾ ಮಾರುವವರ ಗಿಮಿಕ್ಕಾ? ಜೊತೆಗೆ, ನಿಮ್ಮ .308 (ಗುಂಡಿನ ಅಗಲ, ಇಂಚಿನಲ್ಲಿ) ರೈಫಲಿಗೆ ಬೇರೆ ಬ್ಯಾರೆಲ್ ಹಾಕಿಸಿ 80,000 ಪಿಎಸ್‌ಐ, ಅಂದರೆ ಚದರ ಇಂಚಿಗೆ 80,000 ಪೌಂಡ್ ಒತ್ತಡದ ಈ ಹೊಸ ತೋಟಾ ಬಳಸಬಹುದಾ?

ನಾನು ಗುರಿ ಸ್ಪರ್ಧೆಗಳಿಗೆ ಹೊಡೆಯುವವನು. ಹೊಟ್ಟೆಪಾಡಿಗೆ ಮಾಡುವುದು ತಗಡು ಎಳೆಯುವ ಅಚ್ಚುಗಳ ಕೆಲಸ. ಹಾಗಾಗಿ ಗುಂಡು ಎಲ್ಲಿ ಹೋಗಿ ಬಿತ್ತು ಅನ್ನುವುದಕ್ಕಿಂತ ಕಾಲ ಹತ್ತಿರ ಬಿದ್ದ ಖಾಲಿ ಕೇಸಿನ ಮೇಲೇ ನನಗೆ ಕಣ್ಣು ಜಾಸ್ತಿ.

ಕೇಸು ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಿಡಿದಿಟ್ಟುಕೊಳ್ಳುವುದು ಚೇಂಬರಿನ (ಬ್ಯಾರೆಲ್ಲಿನಲ್ಲಿ ತೋಟಾ ಕೂರುವ ಜಾಗ) ಉಕ್ಕು ಮತ್ತು ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟು. ಕೇಸಿನ ಕೆಲಸ ಕುಕ್ಕರಿನ ಗ್ಯಾಸ್ಕೆಟ್ ಮಾಡುವಂಥದ್ದು. ಮದ್ದು ಹೊತ್ತಿಕೊಂಡ ಕೂಡಲೇ ಕೇಸಿನ ತೆಳ್ಳನೆ ಗೋಡೆ ಉಬ್ಬಿ ಚೇಂಬರಿಗೆ ಅಂಟಿಕೊಳ್ಳಬೇಕು, ಗ್ಯಾಸ್ ಹಿಂದಕ್ಕೆ ಬರದ ಹಾಗೆ ಮುಚ್ಚಬೇಕು, ಗುಂಡು ಹೊರಟ ಮೇಲೆ ಮತ್ತೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಹೊರಬರಬೇಕು. ಇಷ್ಟೆಲ್ಲ ಸುಮಾರು ಒಂದು ಮಿಲಿಸೆಕೆಂಡಿನ ಆಟ. 70 ಪಾಲು ತಾಮ್ರ, 30 ಪಾಲು ಸತು ಸೇರಿದ ಹಿತ್ತಾಳೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ಬಿಲ್ಲೆಯಿಂದ ಶುರುಮಾಡಿ ಎಳೆದಷ್ಟೂ ಗಟ್ಟಿಯಾಗುತ್ತದೆ, ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಅದಕ್ಕೇ ಒಂದೇ ಕೇಸಿನಲ್ಲಿ ಬುಡ ಗಟ್ಟಿ, ಕತ್ತು ಮೆತ್ತಗೆ ಇಡಲು ಸಾಧ್ಯ. ಸೈನ್ಯದ ತೋಟಾಗಳ ಕತ್ತಿನ ಹತ್ತಿರ ನೀಲಿ-ಕಂದು ಬಣ್ಣದ ಛಾಯೆ ನೋಡಿರುತ್ತೀರಿ, ಅದು ಕಾಯಿಸಿದ ಗುರುತು. ಕೆಟ್ಟಿರುವ ಮಾಲು ಅಂತ ವಾಪಸ್ ಮಾಡಿದವರನ್ನೂ ನೋಡಿದ್ದೇನೆ!

ಹಾಗಾದರೆ ತೊಂದರೆ ಎಲ್ಲಿ? ಬುಡದಲ್ಲಿ.

ಒಂದು .308 ಖಾಲಿ ಕೇಸನ್ನು ನಾನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಕತ್ತಿನ ಗೋಡೆ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಕೆಳಗೆ ಬರುತ್ತಾ ದಪ್ಪವಾಗಿ ಬುಡದಲ್ಲಿ ಗಟ್ಟಿ ಹಿತ್ತಾಳೆಯ ಮುದ್ದೆಯೇ ಇದೆ. ಆದರೆ ಆ ಮುದ್ದೆಯ ನಡುವೆ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಕೂರುವ ಗುಳಿ, ಅದರಿಂದ ಮೇಲಕ್ಕೆ ಬೆಂಕಿ ಹೋಗುವ ತೂತು, ಸುತ್ತ ಎಕ್ಸ್‌ಟ್ರ್ಯಾಕ್ಟರ್ (ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆ) ಹಿಡಿಯುವ ತೋಡು. ಹೀಗೆ ಮೂರು ಕಡೆ ಕೊರೆದ ಈ ಜಾಗದ ಕೊನೆಯ ಮೂರು ಮಿಲಿಮೀಟರ್ ಆಸುಪಾಸಿಗೆ ಚೇಂಬರಿನ ಗೋಡೆಯ ಆಸರೆಯೇ ಇರುವುದಿಲ್ಲ. ಎಕ್ಸ್‌ಟ್ರ್ಯಾಕ್ಟರ್ ಉಗುರು ಹಾಕಲು ಜಾಗ ಬೇಕಲ್ಲ, ಅದಕ್ಕೆ. ಕೇಸಿನ ಉಳಿದ ಭಾಗಕ್ಕೆಲ್ಲ ಉಕ್ಕಿನ ಅಪ್ಪುಗೆ ಇದೆ, ಇಲ್ಲಿ ಮಾತ್ರ ಹಿತ್ತಾಳೆ ತನ್ನ ಬಲದ ಮೇಲೆ ತಾನೇ ನಿಲ್ಲಬೇಕು.

ಈಗ ಲೆಕ್ಕ. .308ರ ಗರಿಷ್ಠ ಒತ್ತಡ 62,000 ಪಿಎಸ್‌ಐ, ಅಂದರೆ ಸುಮಾರು 427 ಮೆಗಾಪಾಸ್ಕಲ್. ಚೆನ್ನಾಗಿ ಎಳೆದು ಗಟ್ಟಿ ಮಾಡಿದ ಹಿತ್ತಾಳೆ ಶಾಶ್ವತವಾಗಿ ಬಾಗಲು ಶುರುಮಾಡುವುದು ಸುಮಾರು 435ರ ಹತ್ತಿರ, ತುಂಡಾಗುವುದು 525ರ ಆಸುಪಾಸು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬುಡದ ಆಕಾರ, ದಪ್ಪ ಎಲ್ಲ ಲೆಕ್ಕಕ್ಕೆ ಬರುವುದರಿಂದ ಇದು ನೇರ ಹೋಲಿಕೆ ಅಲ್ಲ, ಆದರೂ ರೈಫಲ್ ತೋಟಾಗಳು ಯಾಕೆ ಇಷ್ಟು ಕಾಲ 60 ರಿಂದ 65 ಸಾವಿರದ ನಡುವೆಯೇ ಸಿಕ್ಕಿಹಾಕಿಕೊಂಡಿದ್ದವು ಅನ್ನುವುದಕ್ಕೆ ಸುಳಿವು ಇಲ್ಲೇ ಇದೆ. .30-06ಗೆ 60,000, .300 ವಿನ್ ಮ್ಯಾಗ್‌ಗೆ 64,000, .270 ವಿಂಚೆಸ್ಟರ್‌ಗೆ 65,000. ಬಂದೂಕಿನ ಉಕ್ಕು ಇನ್ನೂ ತಡೆಯುತ್ತಿತ್ತು, ಕೇಸು ತಡೆಯುತ್ತಿರಲಿಲ್ಲ. 80,000 ಪಿಎಸ್‌ಐ ಅಂದರೆ 552 ಮೆಗಾಪಾಸ್ಕಲ್. ಆ ಒತ್ತಡದಲ್ಲಿ ಹಿತ್ತಾಳೆ ಬುಡ ಹಿಟ್ಟಿನ ಉಂಡೆ ಒತ್ತಿದ ಹಾಗೆ ಹರಡಿಕೊಳ್ಳುತ್ತದೆ.

ಇದನ್ನು ನಾನು ನನ್ನದೇ ದಡ್ಡತನದಿಂದ ಕಲಿತೆ. ಒಂದು ಬಿಸಿಲಿನ ದಿನ ತೋಟಾ ಡಬ್ಬಿಯನ್ನು ಮುಚ್ಚಳ ತೆಗೆದು ಬೆಂಚಿನ ಮೇಲೆ ಇಟ್ಟು, ಯಾರ ಜೊತೆಗೋ ಮಾತಾಡುತ್ತಾ ಕೂತುಬಿಟ್ಟೆ. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ. ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಮರೆತೆ. ಅದು ಮೊದಲೇ ಗಡಿಯ ಹತ್ತಿರ ತುಂಬಿಸಿದ ತೋಟಾ ಬೇರೆ. ಮೂರನೇ ಗುಂಡಿಗೆ ಬೋಲ್ಟಿನ ಹಿಡಿ ಎತ್ತಲು ಆಗಲಿಲ್ಲ. ಅಂಗೈಯಿಂದ ಗುದ್ದಿ ಗುದ್ದಿ ತೆಗೆದೆ. ಕೇಸಿನ ಬುಡ ನೋಡಿದರೆ ಪ್ರೈಮರ್ ಅಂಚಿನವರೆಗೂ ಚಪ್ಪಟೆಯಾಗಿದೆ, ಬುಡದಲ್ಲಿ ಒತ್ತಿದ ಅಕ್ಷರಗಳ ಮೇಲೆ ಒಂದು ಹೊಳೆಯುವ ಚಂದ್ರನಾಕಾರ ಎದ್ದಿದೆ. ಬೋಲ್ಟಿನ ಮುಖದಲ್ಲಿರುವ ಎಜೆಕ್ಟರ್ (ಖಾಲಿ ಕೇಸನ್ನು ಆಚೆ ತಳ್ಳುವ ಕಡ್ಡಿ) ತೂತಿನೊಳಗೆ ಹಿತ್ತಾಳೆ ನುಗ್ಗಿ, ಬೋಲ್ಟ್ ತಿರುಗಿಸುವಾಗ ಉಜ್ಜಿಕೊಂಡ ಗುರುತು ಅದು. ಹೊಸ ಪ್ರೈಮರ್ ಒತ್ತಿ ನೋಡಿದೆ, ಬೆರಳಲ್ಲೇ ಒಳಗೆ ಹೋಯಿತು. ಗುಳಿ ಅಗಲವಾಗಿ ಕೇಸು ಸತ್ತಿತ್ತು. ಗೋಡೆಗೆ ಏನೂ ಆಗಿರಲಿಲ್ಲ, ನೆನಪಿಟ್ಟುಕೊಳ್ಳಿ. ಕೆಟ್ಟಿದ್ದೆಲ್ಲ ಬುಡವೇ. ಉಳಿದ ತೋಟಾಗಳನ್ನು ಹಾಗೇ ಮನೆಗೆ ತಂದು ಬಿಚ್ಚಿ ಹಾಕಿದೆ.

ಈ ಬುಡದ ಕಥೆ ತಲೆಯಲ್ಲಿದ್ದರೆ ಹೊಸ ಕೇಸುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಬಂದೂಕು ಕಂಪನಿ ಸಿಗ್ ಸಾಯರ್‌ನವರ .277 ಫ್ಯೂರಿ ತೋಟಾ ತೆಗೆದುಕೊಳ್ಳಿ. ಸೈನ್ಯದ ಹೆಸರು 6.8×51. ಬುಡ ಸ್ಟೇನ್‌ಲೆಸ್ ಸ್ಟೀಲ್, ಮೇಲಿನ ಮೈ ಹಿತ್ತಾಳೆ, ಎರಡನ್ನೂ ಒಳಗಿನಿಂದ ಒಂದು ವಾಷರ್ ಹಿಡಿದಿಡುತ್ತದೆ. ಆಸರೆ ಇಲ್ಲದ ಕಡೆ ಉಕ್ಕು, ಉಬ್ಬಿ ಮುಚ್ಚಬೇಕಾದ ಕಡೆ ಹಿತ್ತಾಳೆ. ನೋಡಲು ಎರಡು ಬಣ್ಣದ ಲಿಪ್‌ಸ್ಟಿಕ್ ಹಾಗಿದೆ, ಆದರೆ ಯೋಚನೆ ಮಾತ್ರ ತುಂಬಾ ನೇರ. 2020ರಲ್ಲಿ ತೋಟಾಗಳ ಅಳತೆ, ಒತ್ತಡ ನಿಗದಿ ಮಾಡುವ ಅಮೆರಿಕದ ಸಾಮಿ ಸಂಸ್ಥೆ 80,000 ಪಿಎಸ್‌ಐಗೆ ಒಪ್ಪಿಗೆ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಅಮೆರಿಕ ಸೈನ್ಯ ಇದೇ ತೋಟಾದ ರೈಫಲ್ಲನ್ನು ಆರಿಸಿತು. ಆಗ ಎಕ್ಸ್‌ಎಂ5 ಅಂತಿದ್ದರು, 2023ರಲ್ಲಿ ಎಕ್ಸ್‌ಎಂ7 ಅಂತ ಬದಲಿಸಿದರು, 2025ರಲ್ಲಿ ಎಂ7 ಆಯಿತು. ಒಂದು ತಮಾಷೆ ಏನೆಂದರೆ ಇದೇ ತೋಟಾ ಪೂರ್ತಿ ಹಿತ್ತಾಳೆ ಕೇಸಿನಲ್ಲೂ ಸಿಗುತ್ತದೆ, ಆದರೆ ಕಡಿಮೆ ಒತ್ತಡಕ್ಕೆ ತುಂಬಿಸಿರುತ್ತಾರೆ. ಗಿಮಿಕ್ಕಾ ಅಂತ ಕೇಳಿದಿರಲ್ಲ, ಉತ್ತರ ಅಲ್ಲೇ ಇದೆ.

ಬರೀ ಉಕ್ಕಿನ ಕೇಸು ಮಾಡಿದರೆ ಆಗದಾ ಅಂತ ನೀವು ಕೇಳಬಹುದು. ನನಗೆ ಇಷ್ಟವಾದ ಭಾಗವೇ ಇದು, ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ. ಉಕ್ಕಿನ ಕೇಸು ಹಳೆಯ ವಿಷಯ. ಎರಡನೇ ಮಹಾಯುದ್ಧದಲ್ಲಿ ತಾಮ್ರದ ಕೊರತೆಯಿಂದ ಜರ್ಮನ್ನರು ಮೆರುಗೆಣ್ಣೆ ಬಳಿದ ಉಕ್ಕಿನ ಕೇಸು ಮಾಡಿದ್ದರು, ಸೋವಿಯತ್‌ನವರಂತೂ ದಶಕಗಟ್ಟಲೆ ಮಾಡಿದರು. ಆದರೆ ಅದು ಮೆದು ಉಕ್ಕು. ಲೋಹ ಉಬ್ಬಿದ ಮೇಲೆ ಎಷ್ಟು ಹಿಂದಕ್ಕೆ ಕುಗ್ಗುತ್ತದೆ ಅನ್ನುವುದು ಎರಡು ಸಂಗತಿಯ ಮೇಲೆ ನಿಂತಿದೆ. ಬಾಗುವ ಮುಂಚೆ ಎಷ್ಟು ಬಲ ತಡೆಯುತ್ತದೆ ಅನ್ನುವುದು ಒಂದು, ಎಷ್ಟು ಬಿರುಸಾಗಿದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಅಷ್ಟೇ. ಉಕ್ಕು ಹಿತ್ತಾಳೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಿರುಸು. ಹಾಗಾಗಿ ಮೆದು ಉಕ್ಕು ಉಬ್ಬಿದರೆ ಉಬ್ಬಿದ್ದೇ, ಹಿಂದಕ್ಕೆ ಸರಿಯುವುದು ಕಡಿಮೆ, ಚೇಂಬರಿನಲ್ಲಿ ಕಚ್ಚಿಕೊಳ್ಳುತ್ತದೆ. ಎಕೆ-47ರ 7.62×39 ತೋಟಾ ಯಾಕೆ ಅಷ್ಟು ಮೊನಚಾಗಿ, ಲೋಟದ ಹಾಗೆ ಇಳಿಜಾರಾಗಿದೆ ಅಂತ ಯಾವಾಗಾದರೂ ಯೋಚಿಸಿದ್ದೀರಾ? ಇಳಿಜಾರಿದ್ದರೆ ಒಂದು ಎಳೆಯಷ್ಟು ಹಿಂದೆ ಬಂದರೂ ಸಾಕು, ಗೋಡೆಯಿಂದ ಬಿಡಿಸಿಕೊಳ್ಳುತ್ತದೆ.

ಇದೇ ಲೆಕ್ಕದ ಇನ್ನೊಂದು ತುದಿ ತಾಮ್ರ. 1876ರ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ, ಮೂಲನಿವಾಸಿಗಳ ಎದುರು ಸೋತ ಅಮೆರಿಕದ ಕುದುರೆ ದಳದ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನುಗಳಿಗೆ ತಾಮ್ರದ ಕೇಸುಗಳಿದ್ದವು. ಬಂದೂಕು ಬಿಸಿಯಾದ ಮೇಲೆ ಕೆಲವು ಒಳಗೇ ಸಿಕ್ಕಿಹಾಕಿಕೊಂಡು, ಚಾಕುವಿನಲ್ಲಿ ಮೀಟಿ ತೆಗೆಯಬೇಕಾಯಿತು. ಸೋಲಿಗೆ ಅದೇ ಕಾರಣ ಅಂತ ನಾನು ಹೇಳುವುದಿಲ್ಲ, ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಮುಂದೆ ಸೈನ್ಯ ತಾಮ್ರ ಬಿಟ್ಟು ಹಿತ್ತಾಳೆಗೆ ಬಂತು. ತಾಮ್ರ ತೀರಾ ಮೆದು, ಉಬ್ಬಿದ್ದು ಕುಗ್ಗುವುದಿಲ್ಲ.

ಇದೇ ಸೂತ್ರಕ್ಕೆ ಗಟ್ಟಿ ಉಕ್ಕು ಹಾಕಿ ನೋಡಿ. ಮೆದು ಉಕ್ಕಿನ ಮೂರು ಪಟ್ಟು ಬಲ ಇರುವ ಉಕ್ಕಾದರೆ ಕುಗ್ಗುವುದೂ ಮೂರು ಪಟ್ಟು, ಅಂದರೆ ಹಿತ್ತಾಳೆಯ ಮಟ್ಟಕ್ಕೇ ಬಂತು. ತೋಟಾ ಕಂಪನಿ ಫೆಡರಲ್‌ನವರ 7ಎಂಎಂ ಬ್ಯಾಕ್‌ಕಂಟ್ರಿ ಹಿಡಿದಿರುವುದು ಈ ದಾರಿ. ಜೋಡಣೆ ಇಲ್ಲ, ಒಂದೇ ತುಂಡಿನ ಗಟ್ಟಿ ಉಕ್ಕಿನ ಕೇಸು, ಅದೂ 80,000 ಪಿಎಸ್‌ಐಗೆ. 20 ಇಂಚಿನ ಬ್ಯಾರೆಲ್ಲಿನಿಂದ 170 ಗ್ರೇನ್ (ಸುಮಾರು 11 ಗ್ರಾಂ) ಗುಂಡಿಗೆ ಸೆಕೆಂಡಿಗೆ 3,000 ಅಡಿ ವೇಗ ಅಂತ ಅವರ ಮಾತು. ಕೇಳಲು ಸುಲಭ. ಆದರೆ ಅಷ್ಟು ಗಟ್ಟಿ ಉಕ್ಕನ್ನು ಅಷ್ಟು ಉದ್ದಕ್ಕೆ ಎಳೆದು, ಕತ್ತು ಒತ್ತಿ, ಬಿರುಕು ಬಿಡದ ಹಾಗೆ ಲಕ್ಷಗಟ್ಟಲೆ ಮಾಡುವುದು ತಮಾಷೆ ಅಲ್ಲ. ಅಚ್ಚಿನ ಕೆಲಸದವನಾಗಿ ನನಗೆ ಜೋಡಣೆ ಕೇಸಿಗಿಂತ ಇದರ ಮೇಲೇ ಗೌರವ ಜಾಸ್ತಿ. ಎರಡು ತುಂಡು ಸೇರುವ ಗೆರೆ ಎಷ್ಟೇ ಚೆನ್ನಾಗಿದ್ದರೂ ಗೆರೆಯೇ ಅಲ್ವಾ.

ಪ್ಲಾಸ್ಟಿಕ್ ಬೇರೆ ಮಾತು. ಅಲ್ಲಿ ಮುಖ್ಯ ಆಸೆ ತೂಕ ಇಳಿಸುವುದು. ಟ್ರೂ ವೆಲಾಸಿಟಿ ಕಂಪನಿಯವರು ಸುಮಾರು 30 ಶೇಕಡಾ ಹಗುರ ಅಂದಿದ್ದರು. ಅಮೆರಿಕ ಸೈನ್ಯ ಹೊಸ ರೈಫಲ್ ಆರಿಸಲು ನಡೆಸಿದ ಆ ಸ್ಪರ್ಧೆಯಲ್ಲಿ ಅವರ ತೋಟಾವೂ ಇತ್ತು, ಟೆಕ್ಸ್‌ಟ್ರಾನ್‌ನವರು ಗುಂಡನ್ನು ಕೇಸಿನ ಒಳಗೇ ಮುಳುಗಿಸಿದ ಇನ್ನೊಂದು ವಿನ್ಯಾಸ ತಂದಿದ್ದರು. ಗಮನಿಸಿ, ಟ್ರೂ ವೆಲಾಸಿಟಿಯ ಪ್ಲಾಸ್ಟಿಕ್ ಕೇಸಿಗೂ ಬುಡ ಮಾತ್ರ ಲೋಹದ್ದೇ! ಇನ್ನು ಕೇಸೇ ಬೇಡ ಅಂತ ಹೊರಟವರು ಜರ್ಮನಿಯ ಹೆಕ್ಲರ್ ಆಂಡ್ ಕೋಕ್, ಜಿ11 ರೈಫಲ್. ಖಾಲಿ ಹಿತ್ತಾಳೆ ಹೊರಗೆ ಹಾರುವಾಗ ತನ್ನ ಜೊತೆ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಕೇಸು ಇಲ್ಲದಿದ್ದರೆ ಆ ಬಿಸಿಯೆಲ್ಲ ಚೇಂಬರಿಗೆ. ಟ್ರಿಗರ್ ಒತ್ತದೆಯೇ ತೋಟಾ ತಾನಾಗಿ ಹೊತ್ತಿಕೊಳ್ಳತೊಡಗಿತು, ಅದಕ್ಕೆ ಹೊಸ ಮದ್ದನ್ನೇ ಕಂಡುಹಿಡಿಯಬೇಕಾಯಿತು. ಎರಡು ಜರ್ಮನಿಗಳು ಒಂದಾದ ಹೊತ್ತಿಗೆ ಯೋಜನೆ ನಿಂತಿತು.

ಬೇಕಿತ್ತಾ ಅನ್ನುವುದಕ್ಕೆ ಬರೋಣ. ಒತ್ತಡ 30 ಶೇಕಡಾ ಏರಿಸಿದರೆ ವೇಗ 30 ಶೇಕಡಾ ಏರುವುದಿಲ್ಲ, ಅದರ ಅರ್ಧಕ್ಕೂ ಕಷ್ಟ. ಬರೀ ವೇಗ ಬೇಕಿದ್ದರೆ ದೊಡ್ಡ ಕೇಸು, ಉದ್ದ ಬ್ಯಾರೆಲ್ ಸಾಕು. ಇಲ್ಲಿನ ನಿಜವಾದ ಲಾಭ ಬ್ಯಾರೆಲ್ ಗಿಡ್ಡ ಮಾಡಬಹುದು ಅನ್ನುವುದು. .277 ಫ್ಯೂರಿ 16 ಇಂಚಿನಲ್ಲಿ 140 ಗ್ರೇನ್ ಗುಂಡಿಗೆ 3,000 ಅಡಿ ಕೊಡುತ್ತದೆ ಅನ್ನುತ್ತಾರೆ. ಹಳೆಯ .270 ಅದೇ ತೂಕದ ಗುಂಡನ್ನು ಅದರ ಹತ್ತಿರಕ್ಕೆ ತರಲು 24 ಇಂಚು ಬೇಕು. ಇವತ್ತು ಸೈನಿಕರೂ ಬೇಟೆಗಾರರೂ ಮುಂದೆ ಸೈಲೆನ್ಸರ್ ಸಿಕ್ಕಿಸುತ್ತಾರೆ. ಉದ್ದ ಬ್ಯಾರೆಲ್ಲಿಗೆ ಅದನ್ನೂ ಸೇರಿಸಿದರೆ ಬಿದಿರು ಗಳ ಹೊತ್ತ ಹಾಗೆ. ಎಂ7ಗೆ ಬ್ಯಾರೆಲ್ 13 ಇಂಚು, ಸೈಲೆನ್ಸರ್ ಜೊತೆಗೇ ಬರುತ್ತದೆ.

ಬೆಲೆ ತೆರದೆ ಏನೂ ಬರುವುದಿಲ್ಲ. ಬ್ಯಾರೆಲ್ಲಿನ ಬುಡ ಬೇಗ ಸವೆಯುತ್ತದೆ. ಒದೆತ ಜಾಸ್ತಿ. ಹಳೆಯ ಎಂ4 ಹೊತ್ತ ಸೈನಿಕನ ಬಳಿ 210 ಗುಂಡು ಇರುತ್ತಿತ್ತು, ಎಂ7 ಹೊತ್ತವನ ಬಳಿ 140. ಮ್ಯಾಗಜೀನಿಗೆ 30ರ ಬದಲು 20. ಸೈನ್ಯದವರು ದೂರ ಮತ್ತು ಕವಚ ಮುಂದಿಟ್ಟುಕೊಂಡು ಇದನ್ನು ಒಪ್ಪಿದ್ದಾರೆ. ನನ್ನ ಹಾಗೆ ಕಾಗದಕ್ಕೆ ಹೊಡೆಯುವವನಿಗೆ ಇದರಿಂದ ಏನೂ ಲಾಭವಿಲ್ಲ. ನನಗೆ ಬೇಕಾಗಿರುವುದು ಹತ್ತು ಸಲ ಮತ್ತೆ ತುಂಬಿಸಬಹುದಾದ ಮೆದು ಕತ್ತಿನ ಹಿತ್ತಾಳೆ.

ಕೊನೆಗೆ ನಿಮ್ಮ .308. ದಯವಿಟ್ಟು ಬೇಡ. 6.8×51ರ ಬುಡ .308ರ ಅಳತೆಯದೇ, ಬೋಲ್ಟಿನ ಮುಖಕ್ಕೆ ಸರಿಯಾಗಿ ಕೂರುತ್ತದೆ. ಮೋಸ ಮಾಡುವುದೇ ಅದು. ಒಳ ವ್ಯಾಸ ಸುಮಾರು 10 ಮಿಲಿಮೀಟರ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿ: 62,000ದಲ್ಲಿ ಬೋಲ್ಟಿನ ಮೇಲೆ ಬೀಳುವುದು ಹತ್ತಿರಹತ್ತಿರ 3.4 ಟನ್, 80,000ದಲ್ಲಿ 4.4 ಟನ್. ಪ್ರತಿ ಗುಂಡಿಗೂ ಒಂದು ಟನ್ ಹೆಚ್ಚುವರಿ, ಬೋಲ್ಟನ್ನು ಬಂದೂಕಿಗೆ ಕಚ್ಚಿ ಹಿಡಿಯುವ ಹಲ್ಲುಗಳ ಮೇಲೆ. ಮೊದಲ ದಿನ ಏನೂ ಆಗದೇ ಇರಬಹುದು. ಹಲ್ಲಿನ ಬುಡದಲ್ಲಿ ಬಿರುಕು ಶುರುವಾಗುವುದು ಕಣ್ಣಿಗೆ ಕಾಣುವುದಿಲ್ಲ, ಮತ್ತು ಆ ಬೋಲ್ಟಿನ ನೇರ ಹಿಂದೆ ಇರುವುದು ನಿಮ್ಮ ಮುಖ. ಕಡಿಮೆ ಒತ್ತಡದ ಹಿತ್ತಾಳೆ ತೋಟಾ ಮಾತ್ರ ಹಾಕುತ್ತೇನೆ ಅನ್ನಬಹುದು, ಆದರೆ ಚೇಂಬರ್ ಒಂದೇ. ನೀವಲ್ಲದಿದ್ದರೆ ನಾಳೆ ಆ ರೈಫಲ್ ಕೊಂಡವನು ಎರಡು ಬಣ್ಣದ್ದನ್ನೇ ತಂದು ತುರುಕುತ್ತಾನೆ. ಬೇಕೇ ಬೇಕು ಅಂದರೆ ಆ ಒತ್ತಡಕ್ಕೇ ಅಂತ ಕಂಪನಿಯವರು ಮಾಡಿದ ರೈಫಲ್ಲನ್ನೇ ಕೊಳ್ಳಿ. ನಿಮ್ಮ .308 .308 ಆಗಿಯೇ ಇರಲಿ.